ಮ್ಯಾಕ್ರೋ ನನ್ನ ಕಂಪ್ಯೂಟರ್‌ನಲ್ಲಿ ಓಡುತ್ತೆ, ಸಾಹುಕಾರರ ಲ್ಯಾಪ್‌ಟಾಪ್‌ನಲ್ಲಿ ಯಾಕೆ ಓಡಲ್ಲ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಎಕ್ಸೆಲ್, ಫೋಟೋಶಾಪ್, ನಕ್ಷೆ ಮಾಡುವ ಕ್ಯೂಜಿಐಎಸ್ ಒಳಗೇ ಚಿಕ್ಕದೊಂದು ಮ್ಯಾಕ್ರೋ ಅಥವಾ ಸ್ಕ್ರಿಪ್ಟ್ (ಪದೇ ಪದೇ ಮಾಡುವ ಕೆಲಸವನ್ನು ತಾನೇ ಮಾಡಿಕೊಡುವ ಆಜ್ಞೆಗಳ ಸರಣಿ) ಮಾಡಿಕೊಂಡವರು ಈಗ ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಕಲಬುರಗಿ ಗಂಜ್ ಮಾರುಕಟ್ಟೆಯ ಲೆಕ್ಕದವರಿಂದ ಹಿಡಿದು ಬೀದರಿನ ಫೋಟೋ ಸ್ಟುಡಿಯೋದವರವರೆಗೆ. ಮಾಡುವುದರಲ್ಲಿ ಯಾರಿಗೂ ಅಷ್ಟು ಕಷ್ಟ ಆಗಿಲ್ಲ. ಪಕ್ಕದ ಟೇಬಲ್‌ನ ಕಂಪ್ಯೂಟರ್‌ಗೆ ದಾಟಿಸುವಾಗ ಎಲ್ಲರೂ ಸಿಕ್ಕಿಹಾಕಿಕೊಂಡಿದ್ದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ಕಲಬುರಗಿ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ತೊಗರಿ ಸೀಸನ್‌ನಲ್ಲಿ ದಿನಾ ರೈತರ ಪಟ್ಟಿ ಮಾಡಬೇಕು. ತೂಕ, ದರ, ಹಮಾಲಿ, ಕೈಗೆ ಕೊಡುವ ಮೊತ್ತ. ಎಕ್ಸೆಲ್‌ನಲ್ಲಿ ಮ್ಯಾಕ್ರೋ ರೆಕಾರ್ಡ್ ಮಾಡಿ ಹಾಳೆಯ ಮೇಲೆ ಒಂದು ಬಟನ್ ಇಟ್ಟೆ. ಒತ್ತಿದರೆ ಪಟ್ಟಿ ರೆಡಿ. ಅದೇ ಫೈಲನ್ನು ಸಾಹುಕಾರರ ಮಗ ವಾಟ್ಸಾಪ್ ವೆಬ್‌ನಿಂದ ಅವರ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡರು. ಬಟನ್ ಕಾಣುತ್ತೆ, ಒತ್ತಿದರೆ ಮ್ಯಾಕ್ರೋ ಓಡಿಸಲು ಆಗಲ್ಲ ಅಂತ ಬರುತ್ತೆ. ಮೇಲೆ ಒಂದು ಕೆಂಪು ಪಟ್ಟಿ ಬೇರೆ. ನನ್ನ ಕಂಪ್ಯೂಟರ್‌ನಲ್ಲಿ ಏನೂ ತೊಂದರೆ ಇಲ್ಲ. ಯಾಕೆ ಹೀಗೆ?

ಉತ್ತರ: ಒಂದಲ್ಲ, ಎರಡು ಕಾರಣ ಇರಬಹುದು. ಎರಡಕ್ಕೂ ಎಕ್ಸೆಲ್ ತೋರಿಸುವ ಸಂದೇಶ ಹೆಚ್ಚುಕಡಿಮೆ ಒಂದೇ. ಅದಕ್ಕೇ ಜನ ಗೊಂದಲಕ್ಕೆ ಬೀಳುತ್ತಾರೆ.

ಮೊದಲನೆಯದು, ಮ್ಯಾಕ್ರೋ ಎಲ್ಲಿ ಕೂತಿದೆ ಅನ್ನೋದು. ರೆಕಾರ್ಡ್ ಶುರು ಮಾಡುವಾಗ ಎಕ್ಸೆಲ್ ಒಂದು ಪುಟ್ಟ ಪೆಟ್ಟಿಗೆ ತೋರಿಸುತ್ತೆ, ಅದರಲ್ಲಿ 'ಸ್ಟೋರ್ ಮ್ಯಾಕ್ರೋ ಇನ್' ಅಂತ ಒಂದು ಸಾಲಿದೆ. ಅಲ್ಲಿ 'ಪರ್ಸನಲ್ ಮ್ಯಾಕ್ರೋ ವರ್ಕ್‌ಬುಕ್' ಅಂತ ಆರಿಸಿದ್ದರೆ ಮ್ಯಾಕ್ರೋ ನಿಮ್ಮ ಪಟ್ಟಿಯ ಫೈಲ್ ಒಳಗೆ ಇಲ್ಲವೇ ಇಲ್ಲ. ಅದು ಪರ್ಸನಲ್ ಡಾಟ್ ಎಕ್ಸ್‌ಎಲ್‌ಎಸ್‌ಬಿ ಅನ್ನುವ ಬೇರೆ ಫೈಲ್‌ನಲ್ಲಿದೆ. ಆ ಫೈಲ್ ನಿಮ್ಮ ವಿಂಡೋಸ್ ಖಾತೆಯ ಆ್ಯಪ್‌ಡೇಟಾ ಫೋಲ್ಡರ್ ಒಳಗೆ, ಎಕ್ಸ್‌ಎಲ್‌ಸ್ಟಾರ್ಟ್ ಅನ್ನುವ ಕಡೆ ಇರುತ್ತೆ. ಎಕ್ಸೆಲ್ ತೆರೆದಾಗಲೆಲ್ಲ ಅದೂ ಕಾಣದ ಹಾಗೆ ತೆರೆದುಕೊಳ್ಳುತ್ತೆ, ಹಾಗಾಗಿ ನಿಮಗೆ ಎಲ್ಲ ಫೈಲ್‌ನಲ್ಲೂ ಮ್ಯಾಕ್ರೋ ಸಿಗುತ್ತೆ. ನೀವು ಕಳಿಸಿದ್ದು ಬಟನ್ ಮಾತ್ರ. ಬಟನ್ ಕರೆಯುವ ಮ್ಯಾಕ್ರೋ ಗಂಜ್‌ನ ಅಂಗಡಿಯಲ್ಲೇ ಉಳಿದಿದೆ.

ಸರಿಮಾಡುವುದು ಸುಲಭ. ಆಲ್ಟ್ ಮತ್ತು ಎಫ್11 ಒತ್ತಿ. ಎಡಗಡೆ ಪಟ್ಟಿಯಲ್ಲಿ ಪರ್ಸನಲ್ ಫೈಲ್ ಕೆಳಗಿರುವ ಮಾಡ್ಯೂಲನ್ನು ಹಿಡಿದು ನಿಮ್ಮ ಪಟ್ಟಿಯ ಫೈಲ್ ಮೇಲೆ ಎಳೆದು ಬಿಡಿ, ನಕಲು ಆಗುತ್ತೆ. ಆಮೇಲೆ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಅಸೈನ್ ಮ್ಯಾಕ್ರೋ'ದಲ್ಲಿ ಈ ಹೊಸ ಜಾಗದ ಮ್ಯಾಕ್ರೋವನ್ನೇ ಆರಿಸಿ. ಇದನ್ನು ಮರೆತರೆ ಬಟನ್ ಹಳೇ ವಿಳಾಸಕ್ಕೇ ಹೋಗಿ ಹುಡುಕುತ್ತೆ. ಸೇವ್ ಮಾಡುವಾಗ ಎಕ್ಸ್‌ಎಲ್‌ಎಸ್‌ಎಂ ರೂಪ ಆರಿಸಬೇಕು. ಮಾಮೂಲಿ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್‌ನಲ್ಲಿ ಮ್ಯಾಕ್ರೋ ನಿಲ್ಲಲ್ಲ. ಎಕ್ಸೆಲ್ ಒಂದು ಮಾತು ಕೇಳುತ್ತೆ ನಿಜ, ಆದರೆ ಅದು ಕೇಳಿದ್ದಕ್ಕೆಲ್ಲ ಓದದೇ 'ಯೆಸ್' ಒತ್ತುವವರೇ ಜಾಸ್ತಿ ಅಲ್ವಾ, ಹಾಗೆ ಒತ್ತಿ ಫೈಲ್ ಮುಚ್ಚಿದರೆ ಮ್ಯಾಕ್ರೋ ಹೋದ ಹಾಗೆಯೇ.

ಎರಡನೆಯದು ಆ ಕೆಂಪು ಪಟ್ಟಿ. ಇಂಟರ್‌ನೆಟ್‌ನಿಂದ ಇಳಿಸಿದ ಫೈಲ್‌ಗೆ ವಿಂಡೋಸ್ ಒಂದು ಗುರುತು ಹಚ್ಚುತ್ತೆ. ಮೇಲ್‌ನಿಂದ ಬಂದರೂ, ಬ್ರೌಸರ್‌ನಲ್ಲಿ ವಾಟ್ಸಾಪ್ ವೆಬ್ ತೆರೆದು ಇಳಿಸಿದರೂ ಅದೇ ಕಥೆ. 2022ರಿಂದ ಮೈಕ್ರೋಸಾಫ್ಟ್ ಈ ಗುರುತಿರುವ ಫೈಲ್‌ಗಳ ಮ್ಯಾಕ್ರೋಗಳನ್ನು ತಾನಾಗೇ ತಡೆಯುತ್ತಿದೆ. ಮೊದಲು ಹಳದಿ ಪಟ್ಟಿ ಬಂದು 'ಎನೇಬಲ್ ಕಂಟೆಂಟ್' ಬಟನ್ ಇರುತ್ತಿತ್ತು, ಕೆಂಪು ಪಟ್ಟಿಯಲ್ಲಿ ಆ ಬಟನ್ನೇ ಇಲ್ಲ. ಎಕ್ಸೆಲ್ ಮುಚ್ಚಿ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆಯಿರಿ. ಕೆಳಗಡೆ 'ಅನ್‌ಬ್ಲಾಕ್' ಅಂತ ಚಿಕ್ಕ ಚೌಕ ಇರುತ್ತೆ, ಅದಕ್ಕೆ ಟಿಕ್ ಹಾಕಿ ಓಕೆ ಮಾಡಿ. ಅಷ್ಟೇ. ಪೆನ್‌ಡ್ರೈವ್‌ನಲ್ಲಿ ಒಯ್ದರೆ ಎಷ್ಟೋ ಸಲ ಈ ತೊಂದರೆ ಬರಲ್ಲ, ಯಾಕೆಂದರೆ ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವ ಫ್ಯಾಟ್32 ರೂಪದಲ್ಲಿ ಆ ಗುರುತು ಉಳಿಯಲ್ಲ. ಜನ ಇದನ್ನು ನೋಡಿ ವಾಟ್ಸಾಪ್ ಫೈಲ್ ಕೆಡಿಸುತ್ತೆ ಅಂತಾರೆ. ಕೆಡಿಸಲ್ಲ.

ಇಷ್ಟಾದ ಮೇಲೂ ಒಂದು ಮಾತು ಇದೆ. ರೆಕಾರ್ಡ್ ಮಾಡಿದ ಮ್ಯಾಕ್ರೋ ನೀವು ಅವತ್ತು ಮುಟ್ಟಿದ ಸೆಲ್‌ಗಳನ್ನೇ ನೆನಪಿಟ್ಟುಕೊಂಡಿರುತ್ತೆ. ಅವತ್ತು 240 ಸಾಲು ಇದ್ದರೆ ಎ2ರಿಂದ ಜಿ241ರವರೆಗೆ ಅಂತಲೇ ಬರೆದಿರುತ್ತೆ. ತೊಗರಿ ಜೋರಾಗಿ ಬಂದ ದಿನ 310 ಸಾಲು ಆದರೆ ಕೊನೆಯ 70 ರೈತರು ಲೆಕ್ಕಕ್ಕೇ ಬರಲ್ಲ, ಎಕ್ಸೆಲ್ ತುಟಿ ಬಿಚ್ಚಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ 'ಏನೂ ತೊಂದರೆ ಇಲ್ಲ' ಅಂದಿರಲ್ಲ, ಇದೊಂದನ್ನು ಇವತ್ತೇ ನೋಡಿಕೊಳ್ಳಿ. ದಾರಿ ಎರಡು. ಒಂದು, ಕೋಡ್‌ನಲ್ಲಿ ಕೊನೆಯ ಸಾಲನ್ನು ಹುಡುಕಿಸುವುದು: ಹಾಳೆಯ ಕೆಳತುದಿಯಿಂದ ಕಂಟ್ರೋಲ್ ಮತ್ತು ಮೇಲಿನ ಬಾಣ ಒತ್ತಿದರೆ ಎಲ್ಲಿ ನಿಲ್ಲುತ್ತೋ ಅದನ್ನೇ ಕೋಡ್‌ನಲ್ಲಿ 'ಎಂಡ್ ಎಕ್ಸ್‌ಎಲ್‌ಅಪ್' ಅಂತ ಬರೆಯುತ್ತಾರೆ. ಎರಡು, ನನಗೆ ಜಾಸ್ತಿ ಇಷ್ಟವಾದದ್ದು: ಪಟ್ಟಿಯನ್ನು ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿಬಿಡಿ, ಮ್ಯಾಕ್ರೋದಲ್ಲಿ ಟೇಬಲ್ ಹೆಸರನ್ನೇ ಬರೆಯಿರಿ. ಸಾಲು ಕೂಡಿದ ಹಾಗೆ ಟೇಬಲ್ ತಾನೇ ಬೆಳೆಯುತ್ತೆ.

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ದಾಲ್ ಮಿಲ್. ಆಫೀಸಿನಲ್ಲಿ ಐದು ಕಂಪ್ಯೂಟರ್. ಮ್ಯಾಕ್ರೋದಲ್ಲಿ ಒಂದು ಸಾಲು ಬದಲಿಸಿದರೂ ಐದೂ ಕಡೆ ಪೆನ್‌ಡ್ರೈವ್ ಹಿಡಿದು ಓಡಾಡಬೇಕು. ತೂಕದ ಕಾಟಾದ ಹತ್ತಿರದ ಕಂಪ್ಯೂಟರ್‌ನಲ್ಲಿ ಮಾತ್ರ ಯಾವಾಗಲೂ ಹಳೇದೇ ಉಳಿದುಬಿಡುತ್ತೆ. ಒಂದೇ ಕಡೆ ಇಟ್ಟು ಎಲ್ಲರಿಗೂ ಸಿಗುವ ಹಾಗೆ ಮಾಡಬಹುದಾ?

ಉತ್ತರ: ಮಾಡಬಹುದು. ಕೋಡ್ ಬೇರೆ, ಲೆಕ್ಕದ ಫೈಲ್ ಬೇರೆ ಮಾಡಿ. ಈಗ ಏನಾಗಿದೆ ಅಂದರೆ ಪ್ರತಿ ತಿಂಗಳ ಫೈಲ್ ಒಳಗೂ ಮ್ಯಾಕ್ರೋದ ಒಂದೊಂದು ನಕಲು ಇದೆ, ಯಾವುದು ಹೊಸದು ಅಂತ ಆ ದೇವರಿಗೇ ಗೊತ್ತು.

ಮ್ಯಾಕ್ರೋಗಳನ್ನಷ್ಟೇ ಒಂದು ಖಾಲಿ ಫೈಲ್‌ಗೆ ಹಾಕಿ 'ಎಕ್ಸೆಲ್ ಆ್ಯಡ್-ಇನ್' (ಎಕ್ಸೆಲ್‌ಗೆ ಜೋಡಿಸಿಕೊಳ್ಳುವ ಹೆಚ್ಚುವರಿ ಫೈಲ್) ಅಂತ ಸೇವ್ ಮಾಡಿ, ಅದು ಎಕ್ಸ್‌ಎಲ್‌ಎಎಂ ಫೈಲ್ ಆಗುತ್ತೆ. ಎಲ್ಲರಿಗೂ ಕಾಣುವ ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಇಡಿ. ಆಮೇಲೆ ಒಂದೇ ಸಲ, ಪ್ರತಿ ಕಂಪ್ಯೂಟರ್‌ನಲ್ಲೂ ಫೈಲ್, ಆಪ್ಷನ್ಸ್, ಆ್ಯಡ್-ಇನ್ಸ್‌ಗೆ ಹೋಗಿ, ಕೆಳಗೆ 'ಗೋ' ಒತ್ತಿ, 'ಬ್ರೌಸ್' ಮಾಡಿ ಆ ಫೈಲ್ ತೋರಿಸಿ. ಇಲ್ಲಿ ಎಕ್ಸೆಲ್ ಒಂದು ಪ್ರಶ್ನೆ ಕೇಳುತ್ತೆ: ಇದನ್ನು ನಿಮ್ಮ ಆ್ಯಡ್-ಇನ್ ಫೋಲ್ಡರ್‌ಗೆ ನಕಲು ಮಾಡಲಾ? 'ನೋ' ಅನ್ನಿ. 'ಯೆಸ್' ಅಂದರೆ ಅಲ್ಲೊಂದು ನಕಲು ಕೂತು ಮತ್ತೆ ಅದೇ ಐದು ಕಂಪ್ಯೂಟರ್‌ನ ಓಡಾಟ. ಕಾಟಾದ ಕಂಪ್ಯೂಟರ್‌ನಲ್ಲಿ ಹಳೇದೇ ಉಳಿಯೋದು ಬಹುಶಃ ಅಲ್ಲೊಂದು ನಕಲು ಇರೋದರಿಂದಲೇ.

ನೆಟ್‌ವರ್ಕ್ ಫೋಲ್ಡರ್ ಅಂದರೆ ಎಕ್ಸೆಲ್‌ಗೆ ಅನುಮಾನ. ಟ್ರಸ್ಟ್ ಸೆಂಟರ್‌ನಲ್ಲಿ 'ಟ್ರಸ್ಟೆಡ್ ಲೊಕೇಷನ್ಸ್' ತೆರೆದು, ನೆಟ್‌ವರ್ಕ್ ಜಾಗಗಳನ್ನೂ ಒಪ್ಪುವ ಟಿಕ್ ಹಾಕಿ, ಈ ಒಂದು ಫೋಲ್ಡರನ್ನು ಮಾತ್ರ ಸೇರಿಸಿ. ಇಡೀ ಡ್ರೈವ್ ಸೇರಿಸಬೇಡಿ. ಆ ಫೋಲ್ಡರ್‌ಗೆ ಬರೆಯುವ ಹಕ್ಕು ನಿಮಗೊಬ್ಬರಿಗೇ ಇರಲಿ, ಉಳಿದವರಿಗೆ ಓದುವುದು ಸಾಕು. ಅಲ್ಲಿ ಯಾರು ಏನು ಹಾಕಿದರೂ ಐದೂ ಕಂಪ್ಯೂಟರ್ ಕೇಳದೇ ಓಡಿಸುತ್ತವೆ, ನೆನಪಿರಲಿ.

ಆ್ಯಡ್-ಇನ್ ಫೈಲನ್ನು 'ರೀಡ್ ಓನ್ಲಿ' ಮಾಡಿಡಿ. ಇಲ್ಲದಿದ್ದರೆ ಯಾರಾದರೂ ಎಕ್ಸೆಲ್ ತೆರೆದಿರುವಷ್ಟು ಹೊತ್ತು ಅದು ಬೀಗ ಹಾಕಿಕೊಂಡು ಕೂರುತ್ತೆ, ಹೊಸದನ್ನು ಅದರ ಮೇಲೆ ಹಾಕೋಕೆ ಆಗಲ್ಲ. ಹೊಸದು ಹಾಕಿದ ಮೇಲೆ ಎಲ್ಲರೂ ಒಮ್ಮೆ ಎಕ್ಸೆಲ್ ಮುಚ್ಚಿ ತೆರೆಯಬೇಕು.

ಕೋಡ್‌ನಲ್ಲಿ ಒಂದು ಬದಲಾವಣೆ ಬೇಕೇ ಬೇಕು. 'ದಿಸ್ ವರ್ಕ್‌ಬುಕ್' ಅಂದರೆ ಕೋಡ್ ಇರುವ ಫೈಲ್, 'ಆ್ಯಕ್ಟಿವ್ ವರ್ಕ್‌ಬುಕ್' ಅಂದರೆ ಕಣ್ಣೆದುರು ತೆರೆದಿರುವ ಫೈಲ್. ಒಂದೇ ಫೈಲ್‌ನಲ್ಲಿ ಇದ್ದಾಗ ಎರಡೂ ಒಂದೇ ಆಗಿತ್ತು. ಈಗ ಹಾಗಲ್ಲ. ಬದಲಿಸದಿದ್ದರೆ ಮ್ಯಾಕ್ರೋ ಮಿಲ್‌ನ ಲೆಕ್ಕ ಬಿಟ್ಟು ಆ್ಯಡ್-ಇನ್‌ನ ಖಾಲಿ ಹಾಳೆಯನ್ನೇ ತಡಕಾಡುತ್ತೆ. ಮತ್ತೆ ಐದರಲ್ಲಿ ಯಾವುದಾದರೂ ಹಳೇ 32 ಬಿಟ್ ಆಫೀಸ್, ಯಾವುದಾದರೂ 64 ಬಿಟ್ ಇದ್ದರೆ, ಮತ್ತು ನಿಮ್ಮ ಕೋಡ್‌ನಲ್ಲಿ 'ಡಿಕ್ಲೇರ್' ಅಂತ ಶುರುವಾಗುವ ಸಾಲಿದ್ದರೆ, ಅಲ್ಲಿ 'ಪಿಟಿಆರ್‌ಸೇಫ್' ಅನ್ನುವ ಪದ ಸೇರಿಸಬೇಕು. ಆಫೀಸ್ 2019ರಿಂದ ಈಚೆಗೆ ಸುಮ್ಮನೆ ಇನ್‌ಸ್ಟಾಲ್ ಮಾಡಿದರೆ 64 ಬಿಟ್ಟೇ ಬರುತ್ತೆ. ಹೊಸ ಕಂಪ್ಯೂಟರ್ ತಂದ ದಿನವೇ ಮ್ಯಾಕ್ರೋ ಕೈಕೊಟ್ಟರೆ ಮೊದಲು ನೋಡಬೇಕಾದ ಜಾಗ ಇದು.

ಪ್ರಶ್ನೆ: ಮ್ಯಾಕ್ರೋ ಓಡಿಸಿದ ಮೇಲೆ ಕಂಟ್ರೋಲ್ ಝಡ್ ಕೆಲಸ ಮಾಡುತ್ತಿಲ್ಲ. ಕೀಬೋರ್ಡ್ ಕೆಟ್ಟಿದೆಯಾ? (ಸೇಡಂ)

ಉತ್ತರ: ಕೀಬೋರ್ಡ್ ಚೆನ್ನಾಗಿದೆ. ಹಾಳೆಯನ್ನು ಬದಲಿಸುವ ಮ್ಯಾಕ್ರೋ ಓಡಿದರೆ ಎಕ್ಸೆಲ್ ಅಲ್ಲಿಯವರೆಗಿನ ಅನ್‌ಡೂ ಪಟ್ಟಿಯನ್ನೇ ಅಳಿಸಿಬಿಡುತ್ತೆ. ಮ್ಯಾಕ್ರೋ ಮಾಡಿದ್ದಷ್ಟೇ ಅಲ್ಲ, ಅದಕ್ಕೂ ಮೊದಲು ನೀವು ಕೈಯಾರೆ ಮಾಡಿದ್ದೂ ವಾಪಸ್ ಬರಲ್ಲ. ಅದಕ್ಕೆ ಓಡಿಸುವ ಮೊದಲು ಸೇವ್. ಈಚೆಗೆ ಎಐ ಬಳಿ ಮ್ಯಾಕ್ರೋ ಬರೆಸಿಕೊಳ್ಳುವವರು ಜಾಸ್ತಿ ಆಗಿದ್ದಾರೆ, ಬೇಡ ಅನ್ನಲ್ಲ, ಆದರೆ ಅಂಥದ್ದನ್ನು ಮೊದಲ ಸಲ ಓಡಿಸುವುದು ನಕಲು ಫೈಲ್ ಮೇಲೆಯೇ ಆಗಿರಲಿ.

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯಲ್ಲಿ ಹೈಸ್ಕೂಲ್ ಶಿಕ್ಷಕಿ. ಮಕ್ಕಳ ಪಟ್ಟಿಯಲ್ಲಿ ಹುಟ್ಟಿದ ಜಿಲ್ಲೆ ಒಬ್ಬೊಬ್ಬರದು ಒಂದೊಂದು ಥರ ಇದೆ: ಗುಲಬರ್ಗಾ, ಗುಲ್ಬರ್ಗಾ, ಕಲಬುರ್ಗಿ, ಕಲಬುರಗಿ. ಎಲ್ಲವನ್ನೂ ಕಲಬುರಗಿ ಮಾಡಲು ಮ್ಯಾಕ್ರೋ ಬರೆಯೋಣ ಅಂದರೆ ಕೋಡ್ ಬರೆಯುವ ಕಡೆ ಕನ್ನಡ ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಹಾಳೆಯಲ್ಲಿ ಕನ್ನಡ ಚೆನ್ನಾಗೇ ಕಾಣುತ್ತೆ. ಫಾಂಟ್ ಹಾಕಬೇಕಾ?

ಉತ್ತರ: ಫಾಂಟ್ ಹಾಕಿ ಪ್ರಯೋಜನ ಇಲ್ಲ ಮೇಡಂ. ಎಕ್ಸೆಲ್ ಹಾಳೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಅರ್ಥ ಮಾಡಿಕೊಳ್ಳುತ್ತೆ, ಆದರೆ ಅದರೊಳಗೆ ಮ್ಯಾಕ್ರೋದ ಭಾಷೆಯಾದ ವಿಬಿಎ ಬರೆಯುವ ಎಡಿಟರ್ 1990ರ ದಶಕದ್ದು, ಇವತ್ತಿಗೂ ವಿಂಡೋಸ್‌ನ ಹಳೇ ಕೋಡ್‌ಪೇಜ್ (ಕೆಲವೇ ಭಾಷೆಗಳ ಅಕ್ಷರಗಳ ಪಟ್ಟಿ) ಮೇಲೆಯೇ ನಡೆಯುತ್ತಿದೆ. ರಷ್ಯನ್‌ಗೆ, ಗ್ರೀಕ್‌ಗೆ ಅಂಥ ಕೋಡ್‌ಪೇಜ್ ಇತ್ತು. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅದು ಇರಲೇ ಇಲ್ಲ, ನೇರವಾಗಿ ಯೂನಿಕೋಡ್ ಬಂತು. ಹಾಗಾಗಿ ಆ ಎಡಿಟರ್‌ಗೆ ಕನ್ನಡ ಅಕ್ಷರ ಕೊಟ್ಟರೆ ಅದು ಪ್ರಶ್ನಾರ್ಥಕ ಚಿಹ್ನೆ ಮಾಡಿ ಇಟ್ಟುಕೊಳ್ಳುತ್ತೆ. ಬರೀ ಕಾಣುವ ತೊಂದರೆ ಅಲ್ಲ, ಅಕ್ಷರ ನಿಜವಾಗಿಯೂ ಹೋಗಿರುತ್ತೆ. ಮೆಸೇಜ್ ಬಾಕ್ಸ್‌ನಲ್ಲೂ ಇದೇ ಗೋಳು. ಇಡೀ ವಿಂಡೋಸನ್ನು ಯುಟಿಎಫ್-8ಗೆ ತಿರುಗಿಸುವ ಒಂದು 'ಬೀಟಾ' ಟಿಕ್ ಇದೆ, ಅದನ್ನು ಹಾಕಿ ಅಂತ ಸಲಹೆ ಕೊಡುವವರಿದ್ದಾರೆ. ಶಾಲೆಯ ಕಂಪ್ಯೂಟರ್‌ನಲ್ಲಿ ಅದನ್ನು ಮುಟ್ಟಬೇಡಿ, ಹಳೇ ಸಾಫ್ಟ್‌ವೇರ್‌ಗಳು ಎಡವಟ್ಟಾಗಬಹುದು.

ಒಂದು ದಾರಿ, ಅಕ್ಷರಗಳ ಸಂಖ್ಯೆ ಬರೆಯುವುದು. ಯೂನಿಕೋಡ್‌ನಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, 'ಕ' ಅಕ್ಷರ 0ಸಿ95. ವಿಬಿಎಯ 'ಸಿಎಚ್‌ಆರ್‌ಡಬ್ಲ್ಯೂ' ಫಂಕ್ಷನ್‌ಗೆ ಈ ಸಂಖ್ಯೆ ಕೊಟ್ಟರೆ ಅಕ್ಷರ ಸಿಗುತ್ತೆ. ಆದರೆ 'ಕಲಬುರಗಿ' ಅಂತ ಬರೆಯೋಕೆ ಏಳು ಸಂಖ್ಯೆ ಬೇಕು, ಕೊಂಬು ಗುಣಿಸು ಎಲ್ಲ ಬೇರೆ ಬೇರೆ. ಯಾರಿಗೆ ಬೇಕು ಈ ಉಸಾಬರಿ?

ಒಳ್ಳೇ ದಾರಿ ಅಂದರೆ ಕನ್ನಡವನ್ನು ಕೋಡ್‌ನಿಂದ ಹೊರಗಿಡುವುದು. ಅದೇ ಫೈಲ್‌ನಲ್ಲಿ ಇನ್ನೊಂದು ಹಾಳೆ ಮಾಡಿ, ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಮೊದಲ ಕಾಲಂನಲ್ಲಿ ಇರುವ ರೂಪ, ಎರಡನೆಯದರಲ್ಲಿ ಆಗಬೇಕಾದ ರೂಪ. ಗುಲಬರ್ಗಾ ಎದುರಿಗೆ ಕಲಬುರಗಿ, ಕಲಬುರ್ಗಿ ಎದುರಿಗೆ ಕಲಬುರಗಿ, ಹೀಗೆ. ಮ್ಯಾಕ್ರೋ ಆ ಹಾಳೆಯನ್ನು ಸಾಲುಸಾಲಾಗಿ ಓದಿ ಬದಲಿಸುತ್ತಾ ಹೋಗಲಿ. ವೇರಿಯಬಲ್ ಒಳಗೆ ಕನ್ನಡ ಸುರಕ್ಷಿತವಾಗಿಯೇ ಇರುತ್ತೆ, ತೊಂದರೆ ಇರುವುದು ಎಡಿಟರ್‌ನಲ್ಲಿ ಬರೆದಾಗ ಮಾತ್ರ. ನಾಳೆ ಇನ್ನೊಂದು ಕಾಗುಣಿತ ಸಿಕ್ಕರೆ ಕೋಡ್ ಮುಟ್ಟುವುದೇ ಬೇಡ, ಹಾಳೆಗೆ ಒಂದು ಸಾಲು ಸೇರಿಸಿದರೆ ಸಾಕು. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಸಾಲುಗಳಿದ್ದರೆ ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಕಣ್ಣಿಗೆ ಅದು ಕನ್ನಡವೇ, ಒಳಗಡೆ ಮಾತ್ರ ಲ್ಯಾಟಿನ್ ಅಕ್ಷರಗಳ ಗೋಜಲು, ಹೋಲಿಸಿದರೆ ಹೊಂದುವುದೇ ಇಲ್ಲ.

ಕೋಡ್ ಬಿಟ್ಟು ಒಂದು ಮಾತು. ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ರಿಂದ. ಯಾದಗಿರಿ ಬೇರೆ ಜಿಲ್ಲೆ ಆಗಿದ್ದು 2009ರ ಡಿಸೆಂಬರ್ 30ರಂದು. ಅದಕ್ಕೂ ಮೊದಲು ಸುರಪುರದಲ್ಲೋ ಶಹಾಪುರದಲ್ಲೋ ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ಗುಲಬರ್ಗಾ ಜಿಲ್ಲೆ ಅಂತಲೇ ಇರುತ್ತೆ. ಪಟ್ಟಿಯಲ್ಲಿ ಪ್ರಮಾಣಪತ್ರದಂತೆಯೇ ಇರಬೇಕು ಅಂತ ಮೇಲಿನವರು ಕೇಳಿದರೆ ಮ್ಯಾಕ್ರೋ ಒಂದೇ ಏಟಿಗೆ ಎಲ್ಲವನ್ನೂ ಬದಲಿಸಿ ನಿಮ್ಮನ್ನು ಪೇಚಿಗೆ ಸಿಕ್ಕಿಸುತ್ತೆ. ಹಳೇ ಕಾಲಂ ಹಾಗೇ ಬಿಡಿ, ಸರಿಮಾಡಿದ್ದು ಪಕ್ಕದ ಹೊಸ ಕಾಲಂನಲ್ಲಿ ಬೀಳಲಿ.

ನಿಮ್ಮ ಶಾಲೆಯಲ್ಲಿ ಎಕ್ಸೆಲ್ ಬದಲು ಲಿಬ್ರೆಆಫೀಸ್ ಇದ್ದರೆ ಕೆಲಸ ಇನ್ನೂ ಹಗುರ. ಅದರ ಬೇಸಿಕ್ ಎಡಿಟರ್‌ನಲ್ಲಿ ಕನ್ನಡ ನೇರವಾಗಿ ಬರೆಯಬಹುದು, ಮೆಸೇಜ್ ಬಾಕ್ಸ್‌ನಲ್ಲೂ ಕನ್ನಡ ಬರುತ್ತೆ. ಮಾಮೂಲಿ ಓಡಿಎಸ್ ಫೈಲ್ ಒಳಗೇ ಮ್ಯಾಕ್ರೋ ಇಡಬಹುದು, ಬೇರೆ ರೂಪ ಬೇಕಿಲ್ಲ. ಆದರೆ 'ಮೈ ಮ್ಯಾಕ್ರೋಸ್' ಅಡಿ ಇಟ್ಟರೆ ಅದು ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತೆ, ಗಂಜ್‌ನವರ ಪರ್ಸನಲ್ ಫೈಲ್ ಥರ. ಫೈಲ್ ಹೆಸರಿನ ಅಡಿಯೇ ಇಡಿ. ಜೊತೆಗೆ ಅಲ್ಲಿ ಭದ್ರತೆ ಮೊದಲಿಂದ 'ಹೈ' ಇರುತ್ತೆ, ಸಹಿ ಇಲ್ಲದ ಮ್ಯಾಕ್ರೋ ಓಡಲ್ಲ. 'ಮೀಡಿಯಂ' ಮಾಡಿದರೆ ಪ್ರತಿ ಸಲ ಕೇಳಿ ಓಡಿಸುತ್ತೆ.

ಪ್ರಶ್ನೆ: ಬೀದರಿನಲ್ಲಿ ನನ್ನದು ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋಗೆ ಫೋಟೋಶಾಪ್‌ನಲ್ಲಿ ಆ್ಯಕ್ಷನ್ (ಅಲ್ಲಿನ ಮ್ಯಾಕ್ರೋ) ಮಾಡಿದ್ದೇನೆ. ಭಾಲ್ಕಿಯ ಗೆಳೆಯನ ಅಂಗಡಿಗೂ ಬೇಕಂತೆ. 'ಸೇವ್ ಆ್ಯಕ್ಷನ್ಸ್' ಒತ್ತಲು ಹೋದರೆ ಮಸುಕಾಗಿದೆ. ಇನ್ನೊಂದು, ಕ್ಯಾಮೆರಾದ ಫೋಟೋಗೆ ಸರಿ ಬರುತ್ತೆ, ಗಿರಾಕಿ ಮೊಬೈಲ್‌ನಲ್ಲಿ ತಂದ ಫೋಟೋಗೆ ಎಲ್ಲ ಅಡ್ಡಾದಿಡ್ಡಿ.

ಉತ್ತರ: ಮಸುಕಾಗಿರುವುದಕ್ಕೆ ಕಾರಣ ಪುಟ್ಟದು. ನೀವು ಆ್ಯಕ್ಷನ್ ಮೇಲೆ ಕ್ಲಿಕ್ ಮಾಡಿದ್ದೀರಿ. ಅದರ ಮೇಲಿರುವ ಫೋಲ್ಡರ್, ಅಂದರೆ ಸೆಟ್ ಮೇಲೆ ಕ್ಲಿಕ್ ಮಾಡಿ. ಫೋಟೋಶಾಪ್ ಇಡೀ ಸೆಟ್ಟನ್ನೇ ಎಟಿಎನ್ ಫೈಲ್ ಆಗಿ ಉಳಿಸುತ್ತೆ, ಒಂದೊಂದೇ ಆ್ಯಕ್ಷನ್ ಉಳಿಸಲ್ಲ. ಉಳಿದ ಆ್ಯಕ್ಷನ್‌ಗಳು ಬೇಡ ಅಂದರೆ ಹೊಸ ಸೆಟ್ ಮಾಡಿ ಅದಕ್ಕೆ ಇದೊಂದನ್ನೇ ಎಳೆದು ಹಾಕಿ. ಭಾಲ್ಕಿಯಲ್ಲಿ 'ಲೋಡ್ ಆ್ಯಕ್ಷನ್ಸ್' ಮಾಡಿದರೆ ಆಯ್ತು.

ಅಡ್ಡಾದಿಡ್ಡಿ ಆಗುವುದು ಅಳತೆಯಿಂದ. ರೂಲರ್ ಪಿಕ್ಸೆಲ್‌ನಲ್ಲಿದ್ದಾಗ ರೆಕಾರ್ಡ್ ಮಾಡಿದರೆ ಮೇಲಿನಿಂದ ಇಷ್ಟು ಪಿಕ್ಸೆಲ್, ಎಡದಿಂದ ಇಷ್ಟು ಅಂತಲೇ ಕೂರುತ್ತೆ. ನಿಮ್ಮ ಕ್ಯಾಮೆರಾದ ಫೋಟೋ ಒಂದೇ ಗಾತ್ರ, ಅದಕ್ಕೇ ಸರಿ ಬಂತು. ರೂಲರನ್ನು ಪರ್ಸೆಂಟ್‌ಗೆ ಬದಲಿಸಿ ಆಮೇಲೆ ರೆಕಾರ್ಡ್ ಮಾಡಿ. ಅಷ್ಟಾದರೂ ಮುಖ ಎಲ್ಲಿದೆ ಅಂತ ಆ್ಯಕ್ಷನ್‌ಗೆ ತಿಳಿಯಲ್ಲ. ಮುಖದ ಕ್ರಾಪ್ ಕೈಯಿಂದಲೇ ಮಾಡಿ ಅನ್ನೋದು ನನ್ನ ಸಲಹೆ: ಮೂರೂವರೆ ಸೆಂಟಿಮೀಟರ್ ಅಗಲ, ನಾಲ್ಕೂವರೆ ಎತ್ತರ, 300 ಡಿಪಿಐ ಅಂತ ಕ್ರಾಪ್ ಟೂಲ್‌ನಲ್ಲೇ ಉಳಿಸಿಕೊಳ್ಳಿ, 413ಕ್ಕೆ 531 ಪಿಕ್ಸೆಲ್‌ನ ಚಿತ್ರ ಬರುತ್ತೆ. ಆ್ಯಕ್ಷನ್ ಅಲ್ಲಿಂದ ಮುಂದಕ್ಕೆ ಶುರುವಾಗಲಿ. ಆಗ ಯಾವ ಮೊಬೈಲ್ ಫೋಟೋ ಬಂದರೂ ಅದಕ್ಕೆ ಸಿಗುವುದು ಒಂದೇ ಗಾತ್ರದ ಚಿತ್ರ. ಅಂಚು ಬಿಡಿಸಿ, ನಾಲ್ಕು ಆರು ಇಂಚಿನ ಹಾಳೆಯನ್ನು ಅಡ್ಡ ಇಟ್ಟು ನಾಲ್ಕರಂತೆ ಎರಡು ಸಾಲು, ಎಂಟು ಫೋಟೋ ಕೂರಿಸುವುದನ್ನು ಅದಕ್ಕೆ ಬಿಡಿ.

ಲೇಯರ್ ಹೆಸರಿನ ಕಡೆ ಗಮನ ಇರಲಿ. 'ಬ್ಯಾಕ್‌ಗ್ರೌಂಡ್ ಆರಿಸು' ಅಂತ ರೆಕಾರ್ಡ್ ಆಗಿದ್ದರೆ, 'ಲೇಯರ್ 0' ಇರುವ ಫೈಲ್‌ನಲ್ಲಿ ಆ್ಯಕ್ಷನ್ ಅಲ್ಲೇ ನಿಲ್ಲುತ್ತೆ. ಆರಂಭದಲ್ಲೇ 'ಫ್ಲ್ಯಾಟನ್ ಇಮೇಜ್' ಒಂದು ಹೆಜ್ಜೆ ಸೇರಿಸಿ. ಶಾಲೆಯ ಗುಂಪು ಆರ್ಡರ್ ಬಂದಾಗ ಇಡೀ ಫೋಲ್ಡರ್‌ಗೆ 'ಬ್ಯಾಚ್' ಓಡಿಸುತ್ತೀರಲ್ಲ, ಅಲ್ಲಿ 'ಓವರ್‌ರೈಡ್ ಆ್ಯಕ್ಷನ್ ಸೇವ್ ಆ್ಯಸ್' ಅನ್ನುವುದಕ್ಕೆ ಟಿಕ್ ಹಾಕದಿದ್ದರೆ ಎಲ್ಲ ಮಕ್ಕಳ ಫೋಟೋ ಒಂದೇ ಹೆಸರಲ್ಲಿ ಒಂದರ ಮೇಲೊಂದು ಸೇವ್ ಆಗಿ ಕೊನೆಯ ಹುಡುಗನದು ಮಾತ್ರ ಉಳಿಯುತ್ತೆ. ಆದರೆ ಆ ಟಿಕ್ ಹಾಕಬೇಕಾದರೆ ಆ್ಯಕ್ಷನ್ ಒಳಗೆ ಒಂದು 'ಸೇವ್ ಆ್ಯಸ್' ಹೆಜ್ಜೆ ಇರಲೇಬೇಕು.

ಮುಂದೆ ಜೆಎಸ್‌ಎಕ್ಸ್ ಸ್ಕ್ರಿಪ್ಟ್ ಬರೆಸಿಕೊಂಡರೆ ಅದನ್ನು ಫೋಟೋಶಾಪ್ ಫೋಲ್ಡರ್‌ನ ಪ್ರಿಸೆಟ್ಸ್ ಒಳಗಿನ ಸ್ಕ್ರಿಪ್ಟ್ಸ್‌ನಲ್ಲಿ ಹಾಕಿ, ಒಮ್ಮೆ ಮುಚ್ಚಿ ತೆರೆಯಿರಿ, ಮೆನುವಿನಲ್ಲಿ ಹೆಸರು ಬರುತ್ತೆ. ಲಗ್ನಪತ್ರಿಕೆಗೆ ಕೋರೆಲ್‌ಡ್ರಾ ಬಳಸುವವರೂ ಕೇಳಿದ್ದರು, ಅಲ್ಲಿ ಮ್ಯಾಕ್ರೋಗಳು ಜಿಎಂಎಸ್ ಫೈಲ್‌ಗಳು, ಜಿಎಂಎಸ್ ಅನ್ನುವ ಫೋಲ್ಡರ್‌ಗೇ ಹಾಕಬೇಕು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ, ಊರು ಶಹಾಪುರ. ಪ್ರಾಜೆಕ್ಟ್‌ಗೆ ಕೆರೆಗಳ ಸುತ್ತ 500 ಮೀಟರ್ ಬಫರ್ (ಸುತ್ತಲಿನ ಪಟ್ಟಿ) ಹಾಕುವ ಪೈಥಾನ್ ಸ್ಕ್ರಿಪ್ಟನ್ನು ಕ್ಯೂಜಿಐಎಸ್ ಕನ್ಸೋಲ್‌ನಲ್ಲಿ ಓಡಿಸುತ್ತೇನೆ. ನನ್ನ ಲೇಯರ್‌ಗೆ (ನಕ್ಷೆಯ ಪದರಕ್ಕೆ) ಸರಿ. ಗೆಳತಿಯ ಲೇಯರ್‌ಗೆ ಓಡಿಸಿದರೆ ಬಫರ್ ಭೂಪಟವನ್ನೇ ನುಂಗುತ್ತೆ. ಮತ್ತೆ ಗೈಡ್‌ಗೆ ಕೊಡುವಾಗ ಕೋಡ್ ಅಂಟಿಸಿ ಓಡಿಸಿ ಅಂತ ಹೇಳೋಕೆ ಸಂಕೋಚ.

ಉತ್ತರ: ಗೆಳತಿಯ ಲೇಯರ್ ಅಕ್ಷಾಂಶ ರೇಖಾಂಶದಲ್ಲಿದೆ, ನಕ್ಷೆಯ ಅಳತೆ ಪದ್ಧತಿಗಳಿಗೆ ಕೊಡುವ ಇಪಿಎಸ್‌ಜಿ ಸಂಖ್ಯೆಯಲ್ಲಿ 4326. ಅಲ್ಲಿ 500 ಅಂದರೆ 500 ಡಿಗ್ರಿ. ಭೂಮಿಯನ್ನು ಒಂದು ಸುತ್ತು ಬಂದರೂ 360. ನಿನ್ನದು ಮೀಟರ್ ಲೆಕ್ಕದ್ದಿರಬೇಕು. ಕಲಬುರಗಿ, ಬೀದರ್, ಯಾದಗಿರಿ ಮೂರೂ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದ ಒಳಗೇ ಬರುತ್ತವೆ, ಅಂದರೆ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ ವಲಯ 43 ಉತ್ತರ, ಇಪಿಎಸ್‌ಜಿ 32643. ಸ್ಕ್ರಿಪ್ಟ್ ಮೊದಲು ಲೇಯರನ್ನು ಅದಕ್ಕೆ ರೀಪ್ರೊಜೆಕ್ಟ್ ಮಾಡಿ ಆಮೇಲೆ ಬಫರ್ ಹಾಕಲಿ. ನಿನ್ನ ಲೇಯರ್ ಹೆಸರು, ನಿನ್ನ ಸಿ ಡ್ರೈವ್‌ನ ದಾರಿ ಸ್ಕ್ರಿಪ್ಟ್ ಒಳಗೆ ಬರೆದಿದ್ದರೆ ಅವನ್ನೂ ತೆಗೆ.

ಗೈಡ್‌ಗೆ ಕೊಡಲು ಕನ್ಸೋಲ್ ಬೇಡ. ಅದನ್ನೇ ಪ್ರೊಸೆಸಿಂಗ್ ಸ್ಕ್ರಿಪ್ಟ್ ಆಗಿ ಬರೆದರೆ ಟೂಲ್‌ಬಾಕ್ಸ್‌ನಲ್ಲಿ ಉಳಿದ ಸಾಧನಗಳ ಜೊತೆಯೇ ಕಾಣುತ್ತೆ, ಯಾವ ಲೇಯರ್, ಎಷ್ಟು ಮೀಟರ್ ಅಂತ ಕೇಳುವ ಕಿಟಕಿ ತಾನೇ ಬರುತ್ತೆ. ಗೈಡ್ ಟೂಲ್‌ಬಾಕ್ಸ್‌ನ ಪೈಥಾನ್ ಐಕಾನ್‌ನಲ್ಲಿ 'ಆ್ಯಡ್ ಸ್ಕ್ರಿಪ್ಟ್ ಟು ಟೂಲ್‌ಬಾಕ್ಸ್' ಅಂದರೆ ಮುಗೀತು. ಕೋಡ್ ಬೇಡವೇ ಬೇಡ ಅಂದರೆ ಮಾಡೆಲ್ ಡಿಸೈನರ್‌ನಲ್ಲಿ ಎರಡು ಪೆಟ್ಟಿಗೆ ಜೋಡಿಸಿದರೂ ಇಷ್ಟು ಕೆಲಸ ಆಗುತ್ತೆ, ಆ ಮಾಡೆಲನ್ನು ಪ್ರಾಜೆಕ್ಟ್ ಫೈಲ್ ಒಳಗೇ ಉಳಿಸಬಹುದು. ನಿನಗೆ ನಾನು ಹೇಳುವುದು ಇದನ್ನೇ. ಪ್ಲಗಿನ್ ಮಾಡಬಹುದು ನಿಜ, ಮೆಟಾಡೇಟಾ ಫೈಲ್ ಎಲ್ಲ ಬರೆದು ಜಿಪ್ ಮಾಡಿ ಕೊಡಬೇಕು, ಒಂದು ಬಫರ್‌ಗೆ ಅಷ್ಟೆಲ್ಲ ಯಾಕೆ?

ಪ್ರಶ್ನೆ: ಮೊಬೈಲ್‌ನ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಓಡುತ್ತಾ? (ಆಳಂದ)

ಉತ್ತರ: ಇಲ್ಲ. ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್‌ನಲ್ಲೂ ವಿಬಿಎ ಓಡಲ್ಲ.

ಪ್ರಶ್ನೆ: ಹುಮನಾಬಾದ್‌ನಿಂದ. ಗೊತ್ತಿರುವವರು ಒಂದು ಎಕ್ಸೆಲ್ ಫೈಲ್ ಕಳಿಸಿದ್ದಾರೆ, ಮ್ಯಾಕ್ರೋ ಆನ್ ಮಾಡಿದರೆ ಮಾತ್ರ ಕೆಲಸ ಮಾಡುತ್ತಂತೆ. ವೈರಸ್ ಇರಬಹುದಾ?

ಉತ್ತರ: ಇರಬಹುದು. ಮ್ಯಾಕ್ರೋ ವೈರಸ್ ಹೊಸದಲ್ಲ, 1995ರಲ್ಲೇ 'ಕಾನ್ಸೆಪ್ಟ್' ಅಂತ ವರ್ಡ್ ಫೈಲ್‌ನಲ್ಲಿ ಬಂದಿತ್ತು. 1999ರ 'ಮೆಲಿಸ್ಸಾ' ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು: ಫೈಲ್ ತೆರೆದವರ ಔಟ್‌ಲುಕ್ ವಿಳಾಸ ಪಟ್ಟಿಯಿಂದ 50 ಜನರಿಗೆ ತನ್ನನ್ನೇ ಕಳಿಸಿಕೊಳ್ಳುತ್ತಿತ್ತು. ಅಂದರೆ ಅವತ್ತೂ ಫೈಲ್ ಬರುತ್ತಿದ್ದುದು ಗೊತ್ತಿರುವವರಿಂದಲೇ. ಮ್ಯಾಕ್ರೋ ಆನ್ ಮಾಡದೇ ಆಲ್ಟ್ ಎಫ್11 ಒತ್ತಿ ಕೋಡ್ ನೋಡಿ. ಫೈಲ್ ತೆರೆದ ಕೂಡಲೇ ಓಡುವ 'ವರ್ಕ್‌ಬುಕ್ ಓಪನ್' ಅಥವಾ 'ಆಟೋ ಓಪನ್' ಇದೆಯಾ, ಅದರಲ್ಲಿ 'ಶೆಲ್', 'ಪವರ್‌ಶೆಲ್', ಯಾವುದೋ ವೆಬ್ ವಿಳಾಸ, ಅರ್ಥವಿಲ್ಲದ ಉದ್ದುದ್ದ ಅಕ್ಷರಗಳು ಕಾಣುತ್ತವಾ? ಕಂಡರೆ ಅಳಿಸಿ. ಕೋಡ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಕಳಿಸಿದವರಿಗೇ ಫೋನ್ ಮಾಡಿ ಕೇಳಿ, ನೀವೇ ಕಳಿಸಿದ್ದಾ, ಯಾರು ಬರೆದದ್ದು, ಏನು ಮಾಡುತ್ತೆ ಅಂತ. ಉತ್ತರ ಸರಿ ಬರದಿದ್ದರೆ ಬೇಡ. ಮೇಲೆ ಹೇಳಿದ ಅನ್‌ಬ್ಲಾಕ್ ಟಿಕ್ ನಿಮ್ಮದೇ ಫೈಲ್‌ಗೆ, ನಿಮ್ಮ ಆಫೀಸಿನ ಫೈಲ್‌ಗೆ ಅಷ್ಟೇ.

ಪ್ರಶ್ನೆ: ಬಸವಕಲ್ಯಾಣದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ. ಸಂಜೆ 6ಕ್ಕೆ ವರದಿಯ ಮ್ಯಾಕ್ರೋ ನಾನಿಲ್ಲದೆಯೂ ಓಡಬೇಕು. ಆಗುತ್ತಾ?

ಉತ್ತರ: ಆಗುತ್ತೆ, ಆದರೆ ಪೂರ್ತಿ ನಂಬಬೇಡಿ. ಎಕ್ಸೆಲ್‌ನಲ್ಲೇ 'ಆನ್‌ಟೈಮ್' ಅಂತ ಇದೆ, ಅದು ಎಕ್ಸೆಲ್ ತೆರೆದಿದ್ದರೆ ಮಾತ್ರ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಹೇಳಿ ಆ ಹೊತ್ತಿಗೆ ಫೈಲ್ ತೆರೆಸಿ, 'ವರ್ಕ್‌ಬುಕ್ ಓಪನ್'ನಲ್ಲಿ ಮ್ಯಾಕ್ರೋ ಓಡುವಂತೆ ಮಾಡಬಹುದು. ನೀವು ಲಾಗಿನ್ ಆಗಿಯೇ ಇರಬೇಕು, ಪರದೆ ಲಾಕ್ ಮಾಡಿದರೆ ತೊಂದರೆ ಇಲ್ಲ. ಕೋಡ್‌ನಲ್ಲಿ ಒಂದೂ ಮೆಸೇಜ್ ಬಾಕ್ಸ್ ಇರಬಾರದು, ಯಾರೂ ಇಲ್ಲದ ಕೋಣೆಯಲ್ಲಿ ಅದು ಬೆಳಗಿನವರೆಗೆ ಓಕೆಗಾಗಿ ಕಾಯುತ್ತಾ ಕೂರುತ್ತೆ. ಹೀಗೆ ಯಾರೂ ಎದುರಿಗಿಲ್ಲದೆ ಸರ್ವರ್‌ನಲ್ಲಿ ಆಫೀಸ್ ಓಡಿಸುವುದನ್ನು ಮೈಕ್ರೋಸಾಫ್ಟೇ ಬೇಡ ಅನ್ನುತ್ತೆ. ಬೇಸಿಗೆಯಲ್ಲಿ ಸಂಜೆ ಕರೆಂಟ್ ಹೋಗುವ ಊರಾದರೆ ಶೆಡ್ಯೂಲರ್‌ನ ಸೆಟ್ಟಿಂಗ್ಸ್‌ನಲ್ಲಿ, ತಪ್ಪಿಹೋದ ಕೆಲಸವನ್ನು ಆದಷ್ಟು ಬೇಗ ಓಡಿಸು ಅನ್ನುವ ಟಿಕ್ ಹಾಕಿ. ಮ್ಯಾಕ್ರೋದ ಕೊನೆಯ ಸಾಲು ಒಂದು ಹಾಳೆಯಲ್ಲಿ ತಾರೀಖು, ಗಂಟೆ, ಎಷ್ಟು ಸಾಲು ಓದಿತು ಅಂತ ಬರೆದಿಡಲಿ. ಬೆಳಿಗ್ಗೆ ಬಂದು ಅದನ್ನೊಮ್ಮೆ ನೋಡಿಯೇ ವರದಿಯನ್ನು ಕಾರ್ಯದರ್ಶಿಗಳಿಗೆ ಕೊಡಿ.